ನಿಮ್ಮ ಇನಿಷಿಯಲ್ ಯಾವ ಭಾಷೆಯದು?



ಹೋದ ತಿಂಗಳು ಇಲವಾಲದ ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸ, ಎದೆಯ ಮೇಲೆ ಹಳದಿ ಕೆಂಪು ಬಾವುಟದ ಬಿಲ್ಲೆ. ತನ್ನದೇ ಲಗ್ನಪತ್ರಿಕೆ ಅಚ್ಚು ಹಾಕಿಸಬೇಕಿತ್ತು. "ಪೂರ್ತಿ ಕನ್ನಡದಲ್ಲೇ ಇರಲಿ ಸಾರ್, ಒಂದು ಇಂಗ್ಲಿಷ್ ಅಕ್ಷರವೂ ಬೇಡ" ಅಂದ. ನನಗೆ ಎಷ್ಟು ಸಂತೋಷವಾಯಿತು ಅಂತೀರಿ! ಚೀಟಿ ಈಸಿಕೊಂಡು ನೋಡಿದೆ. ಹುಡುಗನ ಹೆಸರಿಗೆ ಮೊದಲು 'ಹೆಚ್. ಎನ್.', ಅವರಪ್ಪನಿಗೆ 'ಹೆಚ್. ಎಸ್.', ಹುಡುಗಿಯ ತಂದೆಗೆ 'ವೈ. ಎಂ.' ಕೊನೆಯಲ್ಲಿ ಅಜ್ಜಿಯ ಹೆಸರು ಸಾಕಮ್ಮ ಅಂತ ಬರೆದು, ಮತ್ತೆ ಅದರ ಮೇಲೆ ಗೀಟು ಎಳೆದಿದ್ದ.

"ಒಂದೂ ಬೇಡ ಅಂದೆಯಲ್ಲಪ್ಪ, ಇಲ್ಲಿ ಆರು ಇಂಗ್ಲಿಷ್ ಅಕ್ಷರ ಇವೆ" ಅಂದೆ. ಅವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

ನೀವೂ ನೋಡಿಕೊಳ್ಳಿ. 'ಹೆಚ್' ಎಂಬ ಅಕ್ಷರ ನಮ್ಮ ಕಾಗುಣಿತದ ಯಾವ ಮೂಲೆಯಲ್ಲಿದೆ? ಅವನ ಊರು ಹುಣಸೂರು. ಅದರ ಮೊದಲ ಅಕ್ಷರ 'ಹು'. ಅಪ್ಪನ ಹೆಸರು ನಂಜುಂಡಯ್ಯ. ಅದರ ಮೊದಲ ಅಕ್ಷರ 'ನಂ'. ಅಪ್ಪಟ ಕನ್ನಡದ ಊರನ್ನೂ ಅಪ್ಪನನ್ನೂ ಮೊದಲು ಇಂಗ್ಲಿಷಿಗೆ ಕಳಿಸಿ, ಅಲ್ಲಿ ತಲೆ ಕತ್ತರಿಸಿ, ಆ ತಲೆಯನ್ನು ಕನ್ನಡಕ್ಕೆ ವಾಪಸು ಹೊತ್ತು ತಂದು ನಮ್ಮ ಹೆಸರಿನ ಮೇಲೆ ಕೂರಿಸಿಕೊಂಡಿದ್ದೇವೆ. ಬೋರ್ಡಿನಲ್ಲಿ ಇಂಗ್ಲಿಷ್ ಕಂಡರೆ ಮಸಿ ಬಳಿಯಲು ಹೊರಡುವ ನಾವು, ನಮ್ಮ ಹೆಸರಿನ ಬೋರ್ಡನ್ನೇ ನೋಡಿಕೊಂಡಿಲ್ಲ!

ಹಿರಿಯರು ಹೀಗಿರಲಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ 'ಕುವೆಂಪು' ಆದರು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ 'ಅನಕೃ' ಆದರು. ಕನ್ನಡ ಚಳವಳಿಗೆ ಬೆನ್ನೆಲುಬಾದ ಆ ಮನುಷ್ಯ 'ಎ. ಎನ್.' ಅಂತಲೇ ಉಳಿದಿದ್ದರೆ ಆ ಹೆಸರಿಗೆ ಈ ಖದರು ಎಲ್ಲಿ ಬರುತ್ತಿತ್ತು? ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ತರಾಸು, ಮೇಲುಕೋಟೆಯ ನರಸಿಂಹಾಚಾರ್ ಪುತಿನ. ಇನಿಷಿಯಲ್ ಅಂದರೆ ಬರೀ ಅಲಂಕಾರವಲ್ಲ ಕಣ್ರೀ, ಅದು ವಿಳಾಸ. ಯಾವ ಊರಿನವನು, ಯಾರ ಮಗ, ಇವನು ಯಾರು ಅನ್ನುವುದನ್ನು ಮೂರು ಅಕ್ಷರದಲ್ಲಿ ಹೇಳುವ ಪದ್ಧತಿ. ಇದಕ್ಕೆ ಜಾತಿ ಮತದ ಹಂಗೂ ಇಲ್ಲ. ಕವಿ ನಿಸಾರ್ ಅಹಮದ್ ಅವರ 'ಕೆ. ಎಸ್.' ಬಿಡಿಸಿ ನೋಡಿ, ಕೊಕ್ಕರೆ ಹೊಸಹಳ್ಳಿ ಶೇಖ್ ಹೈದರ್! ನಮ್ಮೂರ ಮುಂದಿನ ರಸ್ತೆಯಲ್ಲೇ ಹುಣಸೂರು ದಾಟಿ ಕೊಡಗಿಗೆ ಹೋದರೆ ಊರಿನ ಜಾಗಕ್ಕೆ ಒಕ್ಕದ ಹೆಸರು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಉತ್ತರ ಕರ್ನಾಟಕದವರದ್ದು ಇನ್ನೂ ಚೆಂದ. ಬೆಲ್ಲದ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹುಣಸೀಮರದ, ಕಟ್ಟಿಮನಿ. ಮತದಾರರ ಪಟ್ಟಿ ಓದಿದರೆ ಸಂತೆಗೆ ಹೋಗಿ ಬಂದ ಹಾಗೆ!

ಈಗ ನಮ್ಮ ಮನೆಯ ಕಥೆ ಕೇಳಿ. ಇಲವಾಲದಲ್ಲಿ ಬ್ರಿಟಿಷ್ ರೆಸಿಡೆಂಟ್ ಸಾಹೇಬರ ಬಂಗಲೆ ಇತ್ತು. ಅವರ ನಾಲಿಗೆಗೆ ಇಲವಾಲ ಹೊರಳಲಿಲ್ಲ, 'ಯೆಲ್ವಾಲ್' ಆಯಿತು. 1957ರ ಸೆಪ್ಟೆಂಬರಿನಲ್ಲಿ ವಿನೋಬಾ, ನೆಹರೂ ಎಲ್ಲ ಬಂದು ಇಲ್ಲಿ ಗ್ರಾಮದಾನ ಸಮ್ಮೇಳನ ನಡೆಸಿದಾಗಲೂ ದೇಶದ ಪತ್ರಿಕೆಗಳಿಗೆ ಇದು ಯೆಲ್ವಾಲವೇ. ಅದಕ್ಕೇ ನಮ್ಮಪ್ಪನ ಹೆಸರಿಗೆ ಸ್ಕೂಲಿನಲ್ಲಿ 'ವೈ.' ಬಿತ್ತು. ನನ್ನನ್ನು ಸೇರಿಸಿಕೊಂಡ ಮೇಷ್ಟ್ರು ಬೇರೆ ಸ್ಪೆಲ್ಲಿಂಗ್ ಹಿಡಿದು 'ಇ.' ಹಾಕಿದರು, ಅದೂ ಇಂಗ್ಲಿಷಿನ 'ಇ'. ಮಗಳ ಕಾಲಕ್ಕೆ ಸ್ಪೆಲ್ಲಿಂಗ್ ಮತ್ತೆ ಬದಲಾಗಿ 'ಐ.' ಆಯಿತು. ಊರು ಒಂದೇ, ಮನೆ ಒಂದೇ, ಬಾವಿ ಒಂದೇ. ಅಕ್ಷರ ಮೂರು! ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಒಂದು ಕಚೇರಿಗೆ ಹೋದರೆ, "ಇವರು ವೈ., ನೀವು ಇ., ಇವರ ಮಗ ನೀವೇ ಅನ್ನುವುದಕ್ಕೆ ಏನು ಗ್ಯಾರಂಟಿ?" ಅಂದರು. ವಂಶವೃಕ್ಷ ತಾ, ಛಾಪಾ ಕಾಗದ ತಾ, ನೋಟರಿ ಸೀಲು ತಾ. ಪ್ರೆಸ್ಸಿಗೆ ಬೀಗ ಹಾಕಿ ಐದು ಸಲ ಅಲೆದೆ. ಕನ್ನಡದಲ್ಲಿ ಬರೆದಿದ್ದರೆ ಮೂವರಿಗೂ ಒಂದೇ 'ಇ' ಇರುತ್ತಿತ್ತು. 2014ರ ನವೆಂಬರ್ 1ರಂದು ಮೈಸೂರು, ಬೆಂಗಳೂರು, ಬೆಳಗಾವಿ ಸೇರಿ 12 ಊರುಗಳಿಗೆ ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರವೇ ವಾಪಸು ಬಂತು. ಊರಿಗೆ ಬಂದದ್ದು ಊರಿನವರ ಇನಿಷಿಯಲ್ಲಿಗೆ ಬರಲಿಲ್ಲ.

ಇನ್ನೊಂದು ಪೀಡೆ ಅಡ್ಡಹೆಸರಿನದು. ಪ್ಯಾನ್ ಕಾರ್ಡಿನ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆ ಅನ್ನುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಬೇರೆ ಕಾಲಂ. ಹಳೇ ಮೈಸೂರಿನ ನಮಗೆ ಅದೆಲ್ಲಿಂದ ಬರಬೇಕು? ಕೆಲವರು ಅಪ್ಪನನ್ನು ಅಲ್ಲಿ ಕೂರಿಸುತ್ತಾರೆ, ಕೆಲವರು ಊರನ್ನು, ಕೆಲವರು ಇದುವರೆಗೆ ಎಲ್ಲೂ ಬರೆಯದ ಜಾತಿಯನ್ನು. ನನಗೆ ಕೊನೆಯದೇ ಭಯ. ಖಾಲಿ ಕಾಲಂ ತುಂಬಲು ಜಾತಿಯನ್ನು ಹುಡುಕಿ ತರುವುದು ಯಾವ ಪುರುಷಾರ್ಥ? ಹೆಸರನ್ನೆಲ್ಲ ಸರ್‌ನೇಮ್ ಕಾಲಮ್ಮಿಗೇ ಸುರಿದು ಅಮೆರಿಕದ ವೀಸಾ ಕೇಳಿದವರಿಗೆ ಅವರು 'ಎಫ್‌ಎನ್‌ಯು' ಅಂತ ಬರೆದುಕೊಟ್ಟಿದ್ದಾರೆ. ಹಾಗೆಂದರೆ 'ಮೊದಲ ಹೆಸರು ಗೊತ್ತಿಲ್ಲ'. ಅವ್ವ ತೊಟ್ಟಿಲಲ್ಲಿ ಹಾಕಿ ಮೂರು ಸಲ ಕಿವಿಯಲ್ಲಿ ಕೂಗಿದ ಹೆಸರು ಗೊತ್ತಿಲ್ಲವಂತೆ! 2022ರ ನವೆಂಬರಿನಲ್ಲಿ ಯುಎಇ ದೇಶ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳಿಗೆ ಬಾಗಿಲಿಲ್ಲ ಅಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಅಂತ ಸಡಿಲಿಸಿತು.

ಅಡ್ಡಹೆಸರು ಇಲ್ಲದವರು ಅನಾಗರಿಕರು ಅಂದುಕೊಂಡಿದ್ದರೆ ಕೇಳಿ. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಬರ್ಮಾದ ಊ ಥಾಂಟ್ ಅವರಿಗೆ ಇದ್ದದ್ದು ಒಂದೇ ಹೆಸರು, ಥಾಂಟ್. 'ಊ' ಅಂದರೆ ನಮ್ಮ 'ಶ್ರೀ' ಇದ್ದ ಹಾಗೆ. ಐಸ್‌ಲ್ಯಾಂಡಿನವರು ಯುರೋಪಿನವರೇ. ಆದರೂ ಬಹುಪಾಲು ಜನಕ್ಕೆ ಮನೆತನದ ಹೆಸರಿಲ್ಲ, ಅಪ್ಪನ ಹೆಸರಿಗೆ ಮಗ ಅಥವಾ ಮಗಳು ಅಂತ ಸೇರಿಸುತ್ತಾರೆ, ಅಷ್ಟೇ. ಅವರ ಟೆಲಿಫೋನ್ ಡೈರೆಕ್ಟರಿ ಕೂಡ ಸ್ವಂತ ಹೆಸರಿನ ಅಕ್ಷರಾನುಕ್ರಮದಲ್ಲಿ. ಫಿಲಿಪೀನ್ಸಿನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೆರಿಯಾ ತೆರಿಗೆ ಮತ್ತು ಜನಗಣತಿಯ ಲೆಕ್ಕ ಸಲೀಸಾಗಲೆಂದು ಅಡ್ಡಹೆಸರುಗಳ ಪಟ್ಟಿಯನ್ನೇ ಅಚ್ಚು ಹಾಕಿಸಿ ಊರೂರಿಗೆ ಹಂಚಿದ. ಒಂದೂರಿಗೆ ಒಂದು ಹಾಳೆ ಸಿಕ್ಕಿದ್ದರಿಂದ, ಕೆಲವು ಊರುಗಳಲ್ಲಿ ಹೆಚ್ಚಿನವರ ಅಡ್ಡಹೆಸರು ಇವತ್ತಿಗೂ ಒಂದೇ ಅಕ್ಷರದಿಂದ ಶುರುವಾಗುತ್ತದೆ. ಗುಮಾಸ್ತನ ಅನುಕೂಲಕ್ಕೆ ಹುಟ್ಟಿದ ಕಾಲಂ ಇದು. ನಮ್ಮ ಅಪ್ಪ ಅಮ್ಮಂದಿರು ಇದರ ಮುಂದೆ ಯಾಕೆ ತಲೆ ತಗ್ಗಿಸಬೇಕು?

ಸಾಕಮ್ಮನ ವಿಷಯಕ್ಕೆ ಬರುತ್ತೇನೆ. ಗೀಟು ಯಾಕೆ ಎಳೆದೆ ಅಂದರೆ, "ಸ್ವಲ್ಪ ಹಳ್ಳಿ ಥರ ಅನ್ಸುತ್ತೆ ಸಾರ್" ಅಂದ. ಅಲ್ಲ ಕಣಯ್ಯಾ, ಕಸುಬಿನ ಹೆಸರು, ಮಣ್ಣಿನ ಹೆಸರು ಯಾರಿಗಿಲ್ಲ? ಇಂಗ್ಲಿಷಿನವರ ಸ್ಮಿತ್ ಅಂದರೆ ಕಮ್ಮಾರ, ಪಾಟರ್ ಅಂದರೆ ಕುಂಬಾರ. ನೀವು ಟೀವಿಯಲ್ಲಿ ಕಣ್ಣರಳಿಸಿ ನೋಡಿದ ಕಾರು ರೇಸಿನ ಶೂಮಾಕರ್ ಅಂದರೆ ಜರ್ಮನ್ ಭಾಷೆಯಲ್ಲಿ ಚಪ್ಪಲಿ ಹೊಲಿಯುವವನು. ನಮ್ಮಲ್ಲಿ 12ನೇ ಶತಮಾನದಲ್ಲೇ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ ಕಸುಬನ್ನು ಮುಂದಿಟ್ಟುಕೊಂಡೇ ಮಾತಾಡಿದರು. ನಮ್ಮ ಸೀಮೆಯ ಹೆಸರು ಹಿಡಿದು ಹೊರಟರೆ ದಾರಿ ಕೇಳಬೇಕಾಗಿಲ್ಲ. ನಂಜುಂಡಯ್ಯ ಅಂದರೆ ನಂಜನಗೂಡು, ಮಾದಪ್ಪ ಅಂದರೆ ಮಾದೇಶ್ವರ ಬೆಟ್ಟ, ಚೆಲುವಯ್ಯ ಅಂದರೆ ಮೇಲುಕೋಟೆ. 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ಆದ ಅಣ್ಣಾವ್ರ ಮನೆಯ ಹೆಸರು ಮುತ್ತುರಾಜು, ಮುತ್ತತ್ತಿರಾಯನ ಹೆಸರು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ ಅಂತ ಕರೆದರು, ಸಾವಿನ ಕಣ್ಣು ಬೀಳದಿರಲಿ ಅಂತ. ಅದರಲ್ಲಿ ನಗುವಂಥದ್ದು ಏನಿದೆ?

ಸಾಕಮ್ಮ ಎಂಬ ಹೆಸರಿನಲ್ಲಿ ನೋವಿದೆ, ಒಪ್ಪುತ್ತೇನೆ. ಹೆಣ್ಣು ಸಾಕಪ್ಪ ಅಂತ ಬೇಸತ್ತು ಇಟ್ಟವರೇ ಬಹಳ. ಅದು ಇಟ್ಟವರ ತಪ್ಪು, ಹೊತ್ತವಳದಲ್ಲ. ಬೆಂಗಳೂರಿನ ಕಾಫಿಪುಡಿ ಸಾಕಮ್ಮ ಅದೇ ಹೆಸರಿನಲ್ಲಿ ವ್ಯಾಪಾರ ಮಾಡಿ ಮೈಸೂರು ಸಂಸ್ಥಾನಕ್ಕೆಲ್ಲ ಹೆಸರಾದಳು. "ಆ ಅಜ್ಜಿ ನಿನ್ನನ್ನು ಎತ್ತಿ ಆಡಿಸಿದ್ದಾಳಾ?" ಅಂತ ಕೇಳಿದೆ. "ಫೀಸು ಕಟ್ಟಿದ್ದೇ ಅವಳು, ಹಾಲು ಮಾರಿ" ಅಂದ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹುಡುಗ ಪ್ರೂಫ್ ತಿದ್ದಿಕೊಟ್ಟ. ತನಗೆ ಹು. ನಂ., ಅಪ್ಪನಿಗೆ ಹು. ಸಿ. ಹುಡುಗಿಯ ತಂದೆ ನಮ್ಮೂರಿನವರೇ. ಇ. ಮಾ. ಅಂತ ಹಾಕೋಣವೇ ಅಂತ ಫೋನು ಮಾಡಿದರೆ, "ನಲವತ್ತು ವರ್ಷದಿಂದ ವೈ. ಎಂ., ಈಗ ಬದಲಾಯಿಸಿದರೆ ನೆಂಟರಿಗೆ ನಾನು ಯಾರು ಅಂತಲೇ ಗೊತ್ತಾಗಲ್ಲ" ಅಂದರು. ಬೀಗರ ಮಾತಿಗೆ ಎದುರಾಡುವಂತಿಲ್ಲ. ಎಂಟುನೂರು ಪ್ರತಿ ಹಾಗೇ ಅಚ್ಚಾದವು. ಸಾಕಮ್ಮನ ಹೆಸರಿಗೆ ಮಾತ್ರ ನಾನು ಯಾರನ್ನೂ ಕೇಳದೆ ಎರಡು ಪಾಯಿಂಟ್ ದಪ್ಪ ಅಕ್ಷರ ಹಾಕಿದೆ.