ಕೆಸರು ಹೊರುವ ಕಾಯಕ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ದಂಡೆಯ ಊರುಗಳ ಮನೆಗಳಿಗೂ ನೀರು ನುಗ್ಗಿತು. ನೀರಿಳಿದ ಮೇಲೆ ಉಳಿದದ್ದು ಕೆಸರು. ಎರೆಮಣ್ಣಿನ ಕೆಸರು ಹಸಿಯಿದ್ದಾಗ ಕಾಲಿಗಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಬುಟ್ಟಿಬುಟ್ಟಿಯಾಗಿ ಹೊರಹಾಕುವುದಲ್ಲದೆ ಅನ್ಯಮಾರ್ಗವಿಲ್ಲ.

ಸೇವೆಯಲ್ಲಿ ಫಲಾಪೇಕ್ಷೆ ಸಲ್ಲದೆಂಬ ಮಾತು ಸರಿಯೇ. ಆದರೆ ಫಲವೇ ಇಲ್ಲವೆನ್ನಲಾಗದು. ಅಕ್ಕಿ, ಕಂಬಳಿ ಹಂಚುವವರು ನಿಂತು ಕೊಡುತ್ತಾರೆ, ಪಡೆಯುವವರು ಕೈಯೊಡ್ಡುತ್ತಾರೆ. (ಛಾಯಾಚಿತ್ರಕ್ಕೂ ಅಲ್ಲಿ ಅವಕಾಶವುಂಟು!) ಕೆಸರೆತ್ತುವವರಾದರೋ ಬಾಗಲೇಬೇಕು. ಅಲ್ಲಿ ಕೆಲಸ ಹೇಳುವವಳು ಮನೆಯೊಡತಿ. ನೆನೆದ ಕಾಗದಗಳಲ್ಲಿ ಯಾವುದು ಕಸ, ಯಾವುದು ಹೊಲದ ಪತ್ರ ಎಂಬುದನ್ನು ಅವಳೇ ಬಲ್ಲಳು. ಪದವಿ ಪಡೆದ ತರುಣನು ಅವಳ ಮಾತಿಗೆ ಕಾದು ನಿಲ್ಲುತ್ತಾನೆ. ‘ನಾನು ಕೊಡುವವನು’ ಎಂಬ ಭಾವ ಉಪದೇಶದಿಂದ ಕರಗುವುದು ಅಪರೂಪ. ಇಲ್ಲಿ ಮೂರನೆಯ ಬುಟ್ಟಿಗೇ ಸಡಿಲವಾಗುತ್ತದೆ.

ಅಂಗಳ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಶರಣೆ ಸತ್ಯಕ್ಕ, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನೆಂದವಳು. ಕೆಸರಿನಲ್ಲಿ ಸಿಕ್ಕ ಮೂಗುತಿಯನ್ನು ತೊಳೆದು ಒಡತಿಯ ಕೈಗಿಡುವವನಿಗೆ ಆ ನಿಷ್ಠೆಯನ್ನು ಯಾರೂ ವ್ಯಾಖ್ಯಾನಿಸಬೇಕಾಗಿಲ್ಲ.

ಸಂಜೆ ಪರವೂರಿನಿಂದ ಬಂದ ರೊಟ್ಟಿಯ ಗಂಟು ಬಿಚ್ಚಿದಾಗ, ಕೆಸರು ಹೊತ್ತವರಿಗೆ ಮೊದಲು ಬಡಿಸುವವಳೂ ಆ ಒಡತಿಯೇ.