ಒಂದೇ ಅಂಕಿಯ ಮರೆಯಲ್ಲಿ

ಏಷ್ಯದವರೆಂದರೆ ಲೆಕ್ಕದಲ್ಲಿ ಚತುರರು, ತಲೆ ತಗ್ಗಿಸಿ ದುಡಿಯುವವರು, ಹಣವಂತರು. ಅಮೆರಿಕದಲ್ಲಿ ಈ ಮಾತು ಬೇರೂರಿ ಅರ್ಧ ಶತಮಾನ ಮೀರಿತು. ಕೇಳುವುದಕ್ಕೆ ಹೊಗಳಿಕೆ, ಬಗೆದು ನೋಡಿದರೆ ಬಡವರ ಬಾಯಿಗೆ ಹಾಕಿದ ಬೀಗ.

1966ರಲ್ಲಿ ಬರ್ಕ್‌ಲಿಯ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಜಪಾನಿ ಮೂಲದವರ ಏಳಿಗೆಯನ್ನು ಕೊಂಡಾಡಿದರು. ಕಪ್ಪು ಜನರು ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ಕಾಲವದು. ‘ಅವರು ಸದ್ದಿಲ್ಲದೆ ಮೇಲೆ ಬರಲಿಲ್ಲವೇ? ನಿಮಗೇಕೆ ಸರ್ಕಾರದ ನೆರವು?’ ಎಂದು ಕೇಳಲು ಉಳ್ಳವರಿಗೆ ಒಂದು ಆಯುಧ ದೊರೆಯಿತು.

ಅಂಕಿಗಳು ಹೇಳುವುದೇನು? ಪ್ಯೂ ಸಂಶೋಧನಾ ಕೇಂದ್ರವು 2021ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. 2019ರಲ್ಲಿ ಅಮೆರಿಕದ ಏಷ್ಯ ಮೂಲದ ಕುಟುಂಬಗಳ ನಡುಮಟ್ಟದ ವಾರ್ಷಿಕ ಆದಾಯ 85,800 ಡಾಲರು. ಇಡೀ ದೇಶದ ಕುಟುಂಬಗಳದು 61,800. ಇಲ್ಲಿಗೆ ನಿಲ್ಲಿಸಿದರೆ ಹೊಗಳಿಕೆ ನಿಜವೆಂದೇ ತೋರುತ್ತದೆ. ಆದರೆ ಒಡೆದು ನೋಡಿ: ಭಾರತೀಯ ಮೂಲದವರದು 1,19,000, ಬರ್ಮಾ ಮೂಲದವರದು ಕೇವಲ 44,400! ಗಿರಣಿಯ ಮ್ಯಾನೇಜರನ ಸಂಬಳವನ್ನೂ ಬದಲಿ ಕಾರ್ಮಿಕನ ಕೂಲಿಯನ್ನೂ ಒಂದೇ ಸಾಲಿನಲ್ಲಿ ಬರೆದು ‘ಎಲ್ಲರೂ ಸುಖಿಗಳು’ ಎಂದರೆ ನೀವು ನಂಬುವಿರಾ?

ಈ ಅಂತರಕ್ಕೆ ಕಾರಣ ರಕ್ತದಲ್ಲಿಲ್ಲ, ಕಾಯಿದೆಯಲ್ಲಿದೆ. 1965ರ ವಲಸೆ ಕಾಯಿದೆಯು ಓದಿದ ಕುಶಲರಿಗೆ ಬಾಗಿಲು ತೆರೆಯಿತು. ಭಾರತದಿಂದ ವೈದ್ಯರು, ಎಂಜಿನಿಯರರು ಹೋದರು; ಅವರಲ್ಲಿ ಕನ್ನಡಿಗರೂ ಉಂಟು. ಬರ್ಮಾದವರಲ್ಲಿ ಬಹುಮಂದಿ ನಿರಾಶ್ರಿತರಾಗಿ ಹೋದರು. ಜರಡಿ ಹಿಡಿದು ಆರಿಸಿದ ಕಾಳು ದಪ್ಪಗಿದ್ದರೆ ಅದನ್ನು ಇಡೀ ಹೊಲದ ಮಹಿಮೆ ಎನ್ನಲಾದೀತೇ? ಕಾಳಿನ ವ್ಯಾಪಾರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹೀಗೆ ಒಡೆದು ನೋಡುವುದೇ ದತ್ತಾಂಶ ವಿಜ್ಞಾನದ ಮೊದಲ ಪಾಠವಾಗಬೇಕು. ಅದೇ ಬರ್ಕ್‌ಲಿಯ ವಿಶ್ವವಿದ್ಯಾಲಯವು 2015ರಲ್ಲಿ ಎಲ್ಲ ವಿಭಾಗಗಳ ವಿದ್ಯಾರ್ಥಿಗಳಿಗೂ ಈ ವಿಷಯದ ತರಗತಿ ಆರಂಭಿಸಿತು. ಸಂತೋಷ. ಆದರೆ ಗಣಕಯಂತ್ರ ನಡೆಸುವುದನ್ನಷ್ಟೇ ಕಲಿಸಿದರೆ ಸಾಲದು. ಎಣಿಸಿದವರು ಯಾರು? ಯಾರು ಯಾರನ್ನು ಒಂದೇ ಗುಂಪಿಗೆ ಸೇರಿಸಿದರು? ಲೆಕ್ಕಕ್ಕೇ ಬಾರದೆ ಉಳಿದವರು ಯಾರು? ಈ ಪ್ರಶ್ನೆಗಳನ್ನು ಕೇಳಲು ಕಲಿಸಬೇಕು. ಇಲ್ಲವಾದರೆ, ‘ಏಷ್ಯದವರಿಗೆ ಲೆಕ್ಕ ತಾನಾಗಿಯೇ ಬರುತ್ತದೆ’ ಎಂದು ನಂಬಿದ ಉಪಾಧ್ಯಾಯರ ತರಗತಿಯಲ್ಲಿ ನಿರಾಶ್ರಿತರ ಮಗು ನೆರವಿಲ್ಲದೆ ಹಿಂದೆ ಬೀಳುತ್ತದೆ. ಅದರ ಸೋಲು ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಅಂಕಿಗಳು ಸುಳ್ಳಾಡುವುದಿಲ್ಲ, ಅವನ್ನು ಕಲಸಿ ಬಡಿಸುವವರು ಸುಳ್ಳಾಡಿಸುತ್ತಾರೆ. ಲೆಕ್ಕ ಬಿಡಿಸುವ ವಿದ್ಯೆ ದುಡಿಯುವವರ ಮಕ್ಕಳ ಕೈಗೂ ಬರಲಿ. ಆಗ ಹೊಗಳಿಕೆಯ ಮಾತೂ ಬಯ್ಗಳದ ಮಾತೂ ಒಂದೇ ತಕ್ಕಡಿಗೆ ಬರುತ್ತವೆ.