ನೆಗಡಿ ಬಂತು ಅಂತ ಮೂಗು ಕುಯ್ಕೋತೀರಾ?

"ಲ್ಯಾಪ್‌ಟಾಪ್ ಸ್ಲೋ ಆಗಿದ್ಯಾ ಆಂಟಿ? ಹಳೇದಾಯ್ತು ಬಿಡಿ, ಹೊಸದು ತಗೊಳ್ಳಿ." ಈ ಮಾತನ್ನ ನಾನು ಇನ್ಮೇಲೆ ಒಪ್ಪೋದಿಲ್ಲ. ನೀವೂ ಒಪ್ಪಬೇಡಿ ಅಂತ ಹೇಳೋಕೇ ಇದನ್ನ ಬರೀತಿದೀನಿ. ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕುಯ್ಕೋತಾರಾ?

ನಮ್ಮ ವಿಲ್ಸನ್ ಗಾರ್ಡನ್ನಿನಲ್ಲೇ, ನಮ್ಮ ಕ್ರಾಸಲ್ಲೇ ಆಗಿದ್ದು ಹೇಳ್ತೀನಿ. ಹೆಸರು ಬೇಡ. ಬಿ.ಕಾಂ. ಓದೋ ಹುಡುಗಿ. ಐದಾರು ವರ್ಷದ ಲ್ಯಾಪ್‌ಟಾಪ್ ಆನ್ ಆಗೋಕೇ ಹತ್ತು ನಿಮಿಷ ತಗೋತಿತ್ತು. ಅಂಗಡಿಯೋನು ಅದರ ಮುಚ್ಚಳ ಕೂಡ ತೆಗೀದೆ "ಇದರ ಕಾಲ ಮುಗೀತು" ಅಂದ. ಅವಳಮ್ಮ ತಮ್ಮ ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಕಟ್ಟುತ್ತಿದ್ದ ಚೀಟಿ ಎತ್ತಿ, 48 ಸಾವಿರ ಕೊಟ್ಟು ಹೊಸದು ತಂದ್ರು. ಹಳೇದು 600 ರೂಪಾಯಿಗೆ ಗುಜರಿಗೆ ಹೋಯ್ತು. ಆಪರೇಷನ್ ಮುಂದಿನ ವರ್ಷಕ್ಕೆ ಹೋಯ್ತು. ಆಯಮ್ಮ ಈಗಲೂ ಅಕ್ಕಿ ಆರಿಸೋಕೆ ಪಕ್ಕದ ಮನೆಯೋರನ್ನ ಕರೀತಾರೆ.

ಇಂಥದ್ದಕ್ಕೆ ಹೋಗೋ ದುಡ್ಡು ಯಾರದು ಹೇಳಿ? ಎಷ್ಟೋ ಮನೇಲಿ ನಮ್ಮದೇ. ಚೀಟಿ ದುಡ್ಡು, ಸಾಸಿವೆ ಡಬ್ಬದ ದುಡ್ಡು, ಅಡ ಇಟ್ಟ ಬಳೆ. ಆದ್ರೆ ಅಂಗಡಿಯಲ್ಲಿ ಮಾತಾಡೋವಾಗ ಮಾತ್ರ ನಮ್ಮ ಮುಖ ನೋಡಲ್ಲ. ಪಕ್ಕದಲ್ಲಿರೋ ಮಗನ ಹತ್ರ, ಅಳಿಯನ ಹತ್ರ ಮಾತು. "ನಿಮಗೆ ಅರ್ಥ ಆಗಲ್ಲ ಬಿಡಿ ಆಂಟಿ."

ಅರ್ಥ ಆಗದೇ ಇರೋಂಥದ್ದು ಏನಿದೆ ಅದರಲ್ಲಿ? ಕುಕ್ಕರ್ ವಿಷಲ್ ಕೂಗದೇ ಇದ್ರೆ ಕುಕ್ಕರ್ ಎಸೀತೀವಾ? ಗ್ಯಾಸ್ಕೆಟ್ ಬದಲಾಯಿಸ್ತೀವಿ. ಮಿಕ್ಸಿ ತಿರುಗದೇ ಇದ್ರೆ ಜಾರಿನ ಕೆಳಗಿನ ಕಪ್ಲರ್ ಹಾಕಿಸ್ತೀವಿ. ಫ್ಯಾನ್ ನಿಧಾನ ಆದ್ರೆ ಕೆಪಾಸಿಟರ್. ಲ್ಯಾಪ್‌ಟಾಪ್ ಕೂಡ ಹಾಗೇ, ಬಿಡಿಭಾಗ ಜೋಡಿಸಿ ಮಾಡಿದ್ದು. ಅದೇನು ಆಕಾಶದಿಂದ ಉದುರಿದ್ದಲ್ಲ.

ನಾನು ಓದಿರೋದು ಪಿಯುಸಿ. ನನಗೆ ಅರ್ಥ ಆದ ಹಾಗೆ ಹೇಳ್ತೀನಿ ಕೇಳಿ. ರ‍್ಯಾಮ್ ಅಂದ್ರೆ ಅಡುಗೆ ಕಟ್ಟೆ. ಹಾರ್ಡ್‌ಡಿಸ್ಕ್ ಅಂದ್ರೆ ಉಗ್ರಾಣ. ಕಟ್ಟೆ ಚಿಕ್ಕದಾದ್ರೆ ಏನಾಗತ್ತೆ? ಒಂದು ಪಾತ್ರೆ ಇಡೋಕೆ ಇನ್ನೊಂದನ್ನ ಉಗ್ರಾಣಕ್ಕೆ ತಗೊಂಡ್ಹೋಗಿ ಇಟ್ಟು ಬರಬೇಕು. ಅದೇ ಓಡಾಟಕ್ಕೆ ಮೆಷಿನ್ ನಿಧಾನ ಆಗೋದು. ಹಳೇ ಹಾರ್ಡ್‌ಡಿಸ್ಕಿನ ಒಳಗೆ ಒಂದು ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗ್ತಾ ಇರತ್ತೆ, ಅದರ ಮೇಲೆ ಒಂದು ಕಡ್ಡಿ ಆ ಕಡೆ ಈ ಕಡೆ ಓಡಾಡಿ ಬೇಕಾದ್ದನ್ನ ಹುಡುಕತ್ತೆ. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗೋದೂ ಇಲ್ಲ, ಓಡಾಡೋದೂ ಇಲ್ಲ. ಕೈ ಹಾಕಿದ ತಕ್ಷಣ ಸಿಗತ್ತೆ. ಆ ಹುಡುಗಿ ಲ್ಯಾಪ್‌ಟಾಪಿಗೆ ಇದ್ದದ್ದೂ ಇದೇ ಕಾಯಿಲೆ ಅನ್ನೋದು ನನ್ನ ಅನುಮಾನ. ಬಿಚ್ಚಿ ನೋಡಿದ್ರೆ ತಾನೇ ಗೊತ್ತಾಗೋದು?

ನಮ್ಮನೇಲಿ ಇರೋದು 2018ರಲ್ಲಿ ಮಗಳಿಗೆ ಅಂತ ತಂದಿದ್ದು. ಅದಕ್ಕೂ ಒಬ್ಬ ಇದೇ ತೀರ್ಪು ಕೊಟ್ಟಿದ್ದ. ನನ್ನ ಅಕ್ಕನ ಮಗ "ಚಿಕ್ಕಮ್ಮಾ, ನೀವೇ ಬಿಚ್ಚಿ, ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದ. 2024ರ ದಸರಾ ರಜೆಯಲ್ಲಿ ಊಟದ ಮೇಜಿನ ಮೇಲೆ ಹಳೇ ಬಿಳಿ ಪಂಚೆ ಹಾಸಿ ಬಿಚ್ಚಿದ್ವಿ. ಸ್ಕ್ರೂಡ್ರೈವರ್ ಹಿಡಿದೋಳು ನಾನೇ. ನಮ್ಮನೆಯೋರು ಬಾಂಬ್ ಬಿಚ್ತಿದೀನೇನೋ ಅನ್ನೋ ಹಾಗೆ ಬಾಗಿಲ ಹತ್ರ ನಿಂತಿದ್ರು. ಎಸ್‌ಎಸ್‌ಡಿಗೆ 2,900, ರ‍್ಯಾಮಿಗೆ 1,700, ಬ್ಯಾಟರಿಗೆ 2,400. ಒಟ್ಟು ಏಳು ಸಾವಿರ. ಈಗ ಬಟನ್ ಒತ್ತಿದ್ರೆ ಒಗ್ಗರಣೆ ಸಿಡಿಯೋಷ್ಟರಲ್ಲಿ ಆನ್ ಆಗತ್ತೆ. ರೇಟು ಇವತ್ತಿಗೆ ಬೇರೆ ಇರತ್ತೆ, ಕೇಳ್ಕೊಂಡೇ ತಗೊಳ್ಳಿ.

ಸಾಮಾನು ಎಲ್ಲಿ ಸಿಗತ್ತೆ ಅಂದ್ರೆ, ನಮ್ಮ ಎಸ್.ಪಿ. ರೋಡಿದ್ಯಲ್ಲ! ಕಾರ್ಪೊರೇಷನ್ ಸ್ಟಾಪಲ್ಲಿ ಇಳಿದು ನಡೀಬಹುದು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಮಗೆ ಬಸ್ ಚಾರ್ಜೂ ಇಲ್ಲ. ಹೋಗೋವಾಗ ಹಳೇ ರ‍್ಯಾಮನ್ನೇ ಬಿಚ್ಚಿ ಪೇಪರಲ್ಲಿ ಸುತ್ತಿ ತಗೊಂಡ್ಹೋಗಿ, ರವಿಕೆಗೆ ಮ್ಯಾಚಿಂಗ್ ತಗೊಂಡ್ಹೋಗೋ ಹಾಗೆ. ಡಿಡಿಆರ್3 ಇರೋ ಕಡೆ ಡಿಡಿಆರ್4 ಕೂರೋದಿಲ್ಲ. ಬ್ಯಾಟರಿಯೂ ಅಷ್ಟೆ, ಮಾಡೆಲ್ ನಂಬರ್ ಬರ್ಕೊಂಡು ಹೋಗಿ. ಬಿಲ್ ಕೇಳಿ ತಗೊಳ್ಳಿ.

"ನಮ್ಮಂಥೋರಿಗಲ್ಲಪ್ಪ ಅದು" ಅನ್ನೋರಿಗೆ ಕೆಲಸದ ಕ್ರಮಾನೂ ಹೇಳ್ಬಿಡ್ತೀನಿ. ಮೊದಲು ಫೋಟೋ, ಫೈಲು ಎಲ್ಲಾ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೀರಿ. ನಲ್ಲಿನೋ ಇನ್ನೇನಾದ್ರೂ ದೊಡ್ಡ ಲೋಹದ್ದೋ ಒಂದ್ಸಲ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಹೋಗ್ಲಿ. ಕೆಳಗಿನ ಸ್ಕ್ರೂ ಬಿಚ್ಚಿ. ಕೆಲವು ರಬ್ಬರ್ ಕಾಲಿನ ಅಡಿಯಲ್ಲಿ ಬಚ್ಚಿಟ್ಕೊಂಡಿರತ್ತೆ. ಎಲ್ಲಾ ಸ್ಕ್ರೂ ಒಂದೇ ಉದ್ದ ಇರಲ್ಲ. ಅದಕ್ಕೇ ನಾನು ಇಡ್ಲಿ ತಟ್ಟೆ ಇಟ್ಕೊಂಡಿದ್ದೆ. ಒಂದೊಂದು ಮೂಲೆಯದು ಒಂದೊಂದು ಗುಳಿಗೆ. ಹಳೇ ಎಟಿಎಂ ಕಾರ್ಡನ್ನ ಅಂಚಿನಲ್ಲಿ ತೂರಿಸಿ ನಿಧಾನಕ್ಕೆ ಆಡಿಸಿದ್ರೆ ಮುಚ್ಚಳ ಬಿಟ್ಕೊಳ್ಳತ್ತೆ. ಹಲಸಿನ ಹಣ್ಣು ಬಿಡಿಸೋವಷ್ಟೂ ಕಷ್ಟ ಇಲ್ಲ. ಒಳಗೆ ಮೊದಲು ತೆಗೀಬೇಕಾದ್ದು ಬ್ಯಾಟರಿ ಕನೆಕ್ಷನ್, ಅದಾದ್ಮೇಲೇ ಮಿಕ್ಕಿದ್ದು. ಒಂದು ಫೋಟೋ ತೆಗೆದಿಟ್ಕೊಳ್ಳಿ. ರ‍್ಯಾಮಿನ ಎರಡೂ ಪಕ್ಕದ ಕ್ಲಿಪ್ ಸರಿಸಿದ್ರೆ ಅದೇ ಮೇಲೇಳತ್ತೆ. ಹೊಸದನ್ನ ಓರೆಯಾಗಿ ತೂರಿಸಿ ಒತ್ತಿದ್ರೆ ಟಕ್ ಅಂತ ಕೂರತ್ತೆ. ಫ್ಯಾನಿನ ಧೂಳನ್ನ ಮೆತ್ತಗಿನ ಬ್ರಷ್ಷಲ್ಲಿ ತೆಗೀರಿ. ನಮ್ಮದರಲ್ಲಿ ಒಂದು ಮುಷ್ಟಿ ಧೂಳು ಬಂತು, ಬಿಸಿ ಆಗದೇ ಇನ್ನೇನಾಗತ್ತೆ!

ಎಲ್ಲಾನೂ ನಾವೇ ಮಾಡ್ಬೇಕು ಅಂತ ನಾನು ಹಟ ಹಿಡೀತಿಲ್ಲ. ವಾರಂಟಿ ಇರೋವರೆಗೂ ಕೈ ಹಾಕಬೇಡಿ, ಅವರ ಹತ್ರಾನೇ ಮಾಡಿಸ್ಕೊಳ್ಳಿ. ಬ್ಯಾಟರಿ ಹೊಟ್ಟೆ ಉಬ್ಬಿದ್ರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ಗೊತ್ತಿರೋರಿಗೆ ಕೊಡಿ. ಬೆಂಕಿ ಹತ್ತಿಕೊಳ್ಳೋ ಸಾಮಾನದು. ಕಾಫಿ ಚೆಲ್ಲಿ ಬೋರ್ಡ್ ಹೋಗಿದ್ರೆ ರಿಪೇರಿ ಹುಡುಗರಿಗೆ ಬಿಡಿ. ಅವರಿಗೂ ಹೊಟ್ಟೆ ತುಂಬಬೇಕಲ್ಲ. ಆದ್ರೆ ನಿಮ್ಮೆದುರಿಗೇ ಬಿಚ್ಚಲಿ, ಏನು ಹಾಳಾಗಿದೆ ಅಂತ ತೋರಿಸಲಿ. ಬಿಚ್ಚದೇನೇ ಸತ್ತಿದೆ ಅಂತ ಹೇಳೋ ಡಾಕ್ಟರನ್ನ ನಂಬ್ತೀರಾ?

ಇನ್ನು ಕಂಪನಿಯೋರ ವಿಷಯ. ಮೊದಲು ಎಷ್ಟೋ ಲ್ಯಾಪ್‌ಟಾಪಲ್ಲಿ ಬ್ಯಾಟರೀನ ಸ್ಕ್ರೂ ಕೂಡ ಇಲ್ಲದೆ ಹೊರಗಿಂದಾನೇ ತೆಗೀಬಹುದಿತ್ತು. ಈಗ ತೆಳ್ಳಗಿರಬೇಕು, ಹಗುರ ಇರಬೇಕು ಅಂತ ಹೇಳಿ ಎಷ್ಟೋ ಮಾಡೆಲಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕ್ಬಿಡ್ತಾರೆ, ಬ್ಯಾಟರಿಗೆ ಅಂಟು ಮೆತ್ತುತಾರೆ. ನಾಳೆ ರ‍್ಯಾಮ್ ಸಾಲದೇ ಬಂದ್ರೆ ಪೂರ್ತಿ ಬೋರ್ಡೇ ಬದಲಾಯಿಸಿ ಅಂತಾರೆ. ಅಂದ್ರೆ ಅಡುಗೆ ಕಟ್ಟೆ ದೊಡ್ಡದು ಮಾಡೋಕೆ ಮನೇನೇ ಕೆಡವಿ ಅಂದ ಹಾಗೆ. ದುಡ್ಡು ಕೊಟ್ಟೋರು ನಾವು, ಬಿಚ್ಚೋ ಹಕ್ಕು ಮಾತ್ರ ಅವರದ್ದಾ? ಇದ್ಯಾವ ನ್ಯಾಯ?

ಇದು ನನ್ನೊಬ್ಬಳ ಗೊಣಗಾಟ ಅಂದ್ಕೋಬೇಡಿ. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರೋವಾಗ ಅದನ್ನ ರಿಪೇರಿ ಮಾಡೋದು ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ ತೋರಿಸಲೇಬೇಕು. ಬಿಚ್ಚೋದು ಸುಲಭಾನಾ, ಬಿಡಿಭಾಗ ಸಿಗತ್ತಾ, ಅದರ ಬೆಲೆ ಎಷ್ಟು, ಎಲ್ಲಾ ಲೆಕ್ಕಕ್ಕೆ ಬರತ್ತೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರ್ 24ಕ್ಕೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡ್ತು. 2025ರ ಮೇ ತಿಂಗಳಲ್ಲಿ ಒಂದು ಸಮಿತಿ, ಇಲ್ಲೂ ಇಂಥ ಅಂಕ ಬರಲಿ, ಮೊದಲು ಮೊಬೈಲು, ಟ್ಯಾಬ್ಲೆಟ್ಟಿಗೆ ಬರಲಿ ಅಂತ ವರದಿ ಕೊಡ್ತು. ಸಂತೋಷ. ಆದ್ರೆ ಲ್ಯಾಪ್‌ಟಾಪಿಗೂ ಬೇಕು, ಕಡ್ಡಾಯ ಆಗಬೇಕು. ಅಕ್ಕಿ ಮೂಟೆ ಮೇಲೆ ತೂಕ ಬರೀಬೇಕು ಅಂತ ಕಾನೂನಿರೋವಾಗ, ಐವತ್ತು ಸಾವಿರದ ವಸ್ತು ಎಷ್ಟು ವರ್ಷ ರಿಪೇರಿ ಆಗತ್ತೆ ಅಂತ ಬರೆಯೋಕೇನು ರೋಗ?

"ವಿಂಡೋಸ್ 11 ಹಾಕೋಕಾಗಲ್ಲ, ಅದಕ್ಕೇ ಹೊಸದು" ಅನ್ನೋರೂ ಇದಾರೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ನಿಜ. ಅದಕ್ಕೆ ಒಳ್ಳೇ ಮೆಷಿನ್ ಎಸೀಬೇಕಾ? ದುಡ್ಡು ಕೊಡದೇ ಸಿಗೋ ಉಬುಂಟು, ಲಿನಕ್ಸ್ ಮಿಂಟ್ ಇವೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆ ಮಕ್ಕಳು ಕಂಪ್ಯೂಟರ್ ಕಲಿಯೋದೇ ಇಂಥದ್ದರಲ್ಲಿ. ಪತ್ರ ಬರೆಯೋಕೆ, ಪಾಠ ನೋಡೋಕೆ, ಬ್ಯಾಂಕ್ ಕೆಲಸಕ್ಕೆ ಧಾರಾಳ ಸಾಕು.

ಗುಜರಿಗೆ ಹಾಕಿದ 600 ರೂಪಾಯಿ ಲ್ಯಾಪ್‌ಟಾಪ್ ಎಲ್ಲಿಗೆ ಹೋಗತ್ತೆ ಅಂತ ಒಂದ್ಸಲ ಯೋಚ್ನೆ ಮಾಡಿ. ಎಷ್ಟೋ ಕಡೆ ವೈರ್ ಸುಟ್ಟು ತಾಮ್ರ ತೆಗೀತಾರೆ, ಬೋರ್ಡನ್ನ ಆಸಿಡ್ಡಿಗೆ ಹಾಕಿ ಚೂರುಪಾರು ಚಿನ್ನ ತೆಗೀತಾರೆ. ಆ ಹೊಗೆ ಕುಡಿಯೋರೂ ನಮ್ಮ ಹಾಗೇ ಮನೆ ಮಕ್ಕಳು ಇರೋ ಹೆಂಗಸರೇ. ನಿಜವಾಗ್ಲೂ ರಿಪೇರಿ ಆಗದೇ ಇದ್ರೆ, ಪರವಾನಗಿ ಇರೋ ಇ-ತ್ಯಾಜ್ಯದೋರಿಗೇ ಕೊಡಿ. ನಮ್ಮ ದಾಬಸ್‌ಪೇಟೆಯಲ್ಲೇ ಇ-ಪರಿಸರ ಅನ್ನೋ ಕಾರ್ಖಾನೆ 2005ರಿಂದ ಈ ಕೆಲಸ ಮಾಡ್ತಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮದ ಪ್ರಕಾರ ತಯಾರು ಮಾಡೋ ಕಂಪನಿಗಳಿಗೂ ಇದರ ಹೊಣೆ ಇದೆ. ಕೊಡೋ ಮುಂಚೆ ಹಾರ್ಡ್‌ಡಿಸ್ಕ್ ಬಿಚ್ಚಿ ನಿಮ್ಮ ಹತ್ರಾನೇ ಇಟ್ಕೊಳ್ಳಿ. ಮನೆ ಫೋಟೋ, ಬ್ಯಾಂಕ್ ಕಾಗದ ಎಲ್ಲಾ ಅದರಲ್ಲೇ ಇರತ್ತೆ.

ಮುಂದಿನ ಸಲ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸೋವಾಗ ನೀವೂ ಅಂಗಡಿಗೆ ಹೋಗಿ, ಕುರ್ಚಿ ಎಳ್ಕೊಂಡು ಮುಂದೇನೇ ಕೂತ್ಕೊಳ್ಳಿ. ಬಣ್ಣ, ತೂಕ ಆಮೇಲೆ. ಮೂರು ಪ್ರಶ್ನೆ ಕೇಳಿ: ರ‍್ಯಾಮ್ ಮುಂದಕ್ಕೆ ಹೆಚ್ಚಿಸಬಹುದಾ? ಡಿಸ್ಕ್ ಬದಲಾಯಿಸಬಹುದಾ? ಐದು ವರ್ಷ ಆದ್ಮೇಲೆ ಬ್ಯಾಟರಿ ಸಿಗತ್ತಾ? ಆಗಲ್ಲ ಅಂದ್ರೆ ಎದ್ದು ಪಕ್ಕದ ಅಂಗಡಿಗೆ ಹೋಗಿ. ಹತ್ತು ಜನ ಹೀಗೆ ಎದ್ದು ಹೋದ್ರೆ ಹನ್ನೊಂದನೆಯವಳಿಗೆ ಅವನೇ ಸರಿಯಾದ್ದು ತೋರಿಸ್ತಾನೆ.

ಮನೇಲಿ ಹಳೇದು ಮೂಲೆ ಹಿಡಿದಿದ್ರೆ ಈ ಭಾನುವಾರ ಹೊರಗೆ ತೆಗೀರಿ. ಸಣ್ಣ ಸ್ಕ್ರೂಡ್ರೈವರ್ ಇಲ್ಲಾಂದ್ರೆ ನಮ್ಮನೇದು ತಗೊಂಡ್ಹೋಗಿ. ಇಡ್ಲಿ ತಟ್ಟೆ ನಿಮ್ಮನೇಲಿ ಇದ್ದೇ ಇರತ್ತೆ.